ಪೊವಾಯಿ ಕೆರೆಯಲ್ಲಿ ಬೆಂಡಿನ ಲೆಕ್ಕ

ಮುಂಬೈಗೆ ಬಂದು ಒಂಬತ್ತು ವರ್ಷವಾಯಿತು. ಭಾನುವಾರ ಏನು ಮಾಡುತ್ತೀರಿ ಎಂದು ಕೇಳಿದವರಿಗೆ ‘ಗಾಳ ಹಾಕುತ್ತೇನೆ’ ಎಂದರೆ ಇವತ್ತಿಗೂ ಅರ್ಧ ಜನ ನಂಬುವುದಿಲ್ಲ. ನಂಬಿದ ಅರ್ಧ ಜನ ‘ಎಷ್ಟು ಕೆ.ಜಿ. ಸಿಕ್ಕಿತು?’ ಎನ್ನುತ್ತಾರೆ. ಹಿಡಿದದ್ದನ್ನೆಲ್ಲ ನೀರಿಗೇ ಬಿಟ್ಟು ಬರುತ್ತೇನೆ ಎಂದಾಗ ಮಾತು ಅಲ್ಲಿಗೇ ನಿಲ್ಲುತ್ತದೆ. ಪಾಪ, ಅವರ ತಪ್ಪಿಲ್ಲ. ಆದರೆ ಬಿಟ್ಟ ಮೀನು ಬದುಕುತ್ತದೋ ಸಾಯುತ್ತದೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ದಾರಕ್ಕೆ ಕಟ್ಟಿದ ಒಂದು ಚಿಕ್ಕ ತೇಲುವ ತುಂಡು. ಈ ಹವ್ಯಾಸಕ್ಕೆ ಬಂದ ಹೊಸಬರು ಕೋಲಿಗೆ ಸಾವಿರಾರು ರೂಪಾಯಿ ಸುರಿದು, ಆ ತುಂಡನ್ನು ಮಾತ್ರ ಅಂಗಡಿಯವನು ಕೊಟ್ಟದ್ದನ್ನೇ ತರುತ್ತಾರೆ.

ಇಂಗ್ಲಿಷ್‌ನಲ್ಲಿ ಅದಕ್ಕೆ ಫ್ಲೋಟ್ ಎನ್ನುತ್ತಾರೆ. ಫ್ಲೈ ಫಿಶಿಂಗ್ ಮಾಡುವವರು ‘ಸ್ಟ್ರೈಕ್ ಇಂಡಿಕೇಟರ್’ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ನಮ್ಮ ಕಡೆ ಅದು ಬೆಂಡು. ರಾಣೆಬೆನ್ನೂರು ಸುತ್ತಿನ ಕೆರೆಗಳಲ್ಲಿ ನಾವು ಹುಡುಗರಾಗಿದ್ದಾಗ ಜೋಳದ ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡನ್ನು ಬೆರಳುದ್ದ ಕತ್ತರಿಸಿ ತಂಗೂಸಿ ದಾರಕ್ಕೆ ಸಿಕ್ಕಿಸುತ್ತಿದ್ದೆವು. ಮದುವೆಯ ಬಾಸಿಂಗ ಮಾಡುವುದೂ ಬೆಂಡಿನಿಂದಲೇ, ಆದರೆ ಅದು ಬೇರೆ ಗಿಡದ್ದು. ಹಗುರ, ನೀರು ಕುಡಿಯಲು ನಿಧಾನ, ಪುಕ್ಕಟೆ. ಈ ಮೂರು ಗುಣ ಇವತ್ತು 300 ರೂಪಾಯಿ ಕೊಟ್ಟರೂ ಒಟ್ಟಿಗೆ ಸಿಗುವುದಿಲ್ಲ.

ಮೊದಲು ನಿಂಫ್ ಎಂದರೇನು ಹೇಳಿಬಿಡುತ್ತೇನೆ. ನದಿಯ ಕಲ್ಲುಗಳ ಅಡಿಯಲ್ಲಿ ಬದುಕುವ ಕೀಟದ ಮರಿ ಅದು. ರೆಕ್ಕೆ ಬಂದು ಹಾರಿಹೋಗುವ ಮೊದಲು ಎಷ್ಟೋ ಕಾಲ ನೀರಿನ ತಳದಲ್ಲೇ ಇರುತ್ತದೆ. ಟ್ರೌಟ್ ಮೀನು ಹೊಟ್ಟೆ ತುಂಬಿಸಿಕೊಳ್ಳುವುದು ಬಹುಪಾಲು ಇವುಗಳಿಂದ. ಫ್ಲೈ ಫಿಶಿಂಗ್‌ನವರು ಗರಿ, ದಾರ, ಲೋಹದ ಮಣಿಯಿಂದ ಅದರ ನಕಲನ್ನು ಗಾಳದ ಮೇಲೆ ಕಟ್ಟಿ ತಳದಲ್ಲಿ ತೇಲಿಬಿಡುತ್ತಾರೆ. ಮೀನು ಅದನ್ನು ಎಳೆದುಕೊಂಡು ಓಡುವುದಿಲ್ಲ. ಬಾಯಿ ತೆರೆದು ನೀರಿನ ಜೊತೆ ಒಳಗೆಳೆದುಕೊಳ್ಳುತ್ತದೆ, ತಿನ್ನುವ ವಸ್ತುವಲ್ಲ ಎಂದು ಗೊತ್ತಾದ ಕೂಡಲೇ ಉಗುಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎರಡು ಅಡಿ ನೀರಿನ ಕೆಳಗೆ ನಡೆದ ಈ ಸಂಗತಿಯನ್ನು ಮೇಲೆ ನಿಂತವನಿಗೆ ತಿಳಿಸುವ ಕೆಲಸ ಬೆಂಡಿನದು.

ಮುಂಬೈಯಲ್ಲಿ ಟ್ರೌಟ್ ಇಲ್ಲ, ಇರುವುದೂ ಸಾಧ್ಯವಿಲ್ಲ. ಅದು ತಣ್ಣೀರಿನ ಮೀನು. ಇಲ್ಲಿಂದ ಹೋಗುವವರು ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ನದಿಗೆ ಹೋಗುತ್ತಾರೆ. ಅಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ನವೆಂಬರ್ ಮೊದಲ ದಿನದಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ವರ್ಷಕ್ಕೊಮ್ಮೆ ಐದು ದಿನ ರಜೆ ಹಾಕಿ ನಾನೂ ಹೋಗಿ ಬರುತ್ತೇನೆ. ಉಳಿದ ವರ್ಷಪೂರ್ತಿ ಅಭ್ಯಾಸಕ್ಕೆ ಇರುವುದು ಪೊವಾಯಿ ಕೆರೆ.

1890ರ ದಶಕದ ಆರಂಭದಲ್ಲಿ ಬ್ರಿಟಿಷರು ಕುಡಿಯುವ ನೀರಿಗೆಂದು ಕಟ್ಟಿಸಿದ ಕೆರೆ ಇದು. ನೀರು ಕುಡಿಯಲು ಒಗ್ಗಲಿಲ್ಲ. 545 ಕೋಟಿ ಲೀಟರ್ ಹಿಡಿಯುವ ಈ ಕೆರೆಯ ನೀರು ಈಗ ಕೈಗಾರಿಕೆಯಂಥ ಬೇರೆ ಬಳಕೆಗೆ ಮಾತ್ರ. ಒಂದು ಕಡೆ ಐಐಟಿ, ಇನ್ನೊಂದು ಕಡೆ ಹೀರಾನಂದಾನಿಯ ಎತ್ತರದ ಕಟ್ಟಡಗಳು. ದಡದಲ್ಲೇ ಮಹಾರಾಷ್ಟ್ರ ಸ್ಟೇಟ್ ಆ್ಯಂಗ್ಲಿಂಗ್ ಅಸೋಸಿಯೇಷನ್ ಇದೆ. ಗಾಳ ಹಾಕಲು ಬಯಸುವವರು ಮೊದಲು ಅಲ್ಲಿ ವಿಚಾರಿಸಿಯೇ ಕೋಲು ತೆಗೆಯಬೇಕು. ಕೆರೆಯಲ್ಲಿ ಕಾಟ್ಲ, ರೋಹು, ಮೃಗಾಲ್ ಇವೆ. ಜಿಲೇಬಿ ಎಂದು ನಮ್ಮ ಕಡೆ ಕರೆಯುವ ತಿಲಾಪಿಯವಂತೂ ಲೆಕ್ಕವಿಲ್ಲದಷ್ಟು. ಮೊಸಳೆಗಳೂ ಇವೆ. ಆದ್ದರಿಂದ ತೀರ್ಥನ್‌ನಲ್ಲಿ ಮಾಡುವ ಹಾಗೆ ಮೊಣಕಾಲವರೆಗೆ ನೀರಿಗಿಳಿದು ನಿಲ್ಲುವ ಶೋಕಿ ಇಲ್ಲಿ ನಡೆಯುವುದಿಲ್ಲ.

ತಿಲಾಪಿಯ ನಿಂಫ್‌ಗೂ ಬೀಳುತ್ತದೆ, ಹಿಟ್ಟಿನ ಉಂಡೆಗೂ ಬೀಳುತ್ತದೆ. ಅದು ಕಚ್ಚುವ ರೀತಿ ಟ್ರೌಟ್‌ಗಿಂತ ಮೆಲ್ಲಗೆ. ಹೀಗಾಗಿ ಬೆಂಡಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಅಂಗಡಿಯಲ್ಲಿ ಸಿಗುವ ಇಂಡಿಕೇಟರ್‌ಗಳಲ್ಲಿ ಹೆಚ್ಚು ಮಾರಾಟವಾಗುವುದು ಬಣ್ಣದ ಪ್ಲಾಸ್ಟಿಕ್ ಗುಂಡು. ಒಳಗೆ ಗಾಳಿ, ನೋಡಲು ಗೋಲಿಯಂತೆ. ‘ದೊಡ್ಡದು ತಗೊಳ್ಳಿ ಸಾರ್, ಚೆನ್ನಾಗಿ ಕಾಣುತ್ತೆ’ ಎನ್ನುವುದು ಎಲ್ಲ ಅಂಗಡಿಯವರ ಸಲಹೆ. ಇಲ್ಲಿ ಒಂದು ಲೆಕ್ಕ ಹಾಕಿ ನೋಡೋಣ. ಓದುಗರು ಗಾಬರಿಯಾಗಬೇಡಿ, ಹೈಸ್ಕೂಲಿನ ಆರ್ಕಿಮಿಡೀಸ್ ಸಾಕು.

12 ಮಿಲಿಮೀಟರ್ ವ್ಯಾಸದ ಗುಂಡು ಪೂರ್ತಿ ಮುಳುಗಿದರೆ ಸುಮಾರು 0.9 ಗ್ರಾಂ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಂದರೆ ಅಷ್ಟು ಭಾರ ಹೊರಬಲ್ಲದು. ವ್ಯಾಸ ಎರಡು ಪಟ್ಟಾಗಿ 24 ಮಿಲಿಮೀಟರ್ ಆದರೆ ಹೊರುವ ಭಾರ ಎರಡು ಪಟ್ಟಲ್ಲ, ಎಂಟು ಪಟ್ಟು: 7.2 ಗ್ರಾಂ. ಟಂಗ್‌ಸ್ಟನ್ ಮಣಿಯ ಎರಡು ಸಣ್ಣ ನಿಂಫ್ ಸೇರಿದರೂ ಅರ್ಧ ಗ್ರಾಂ ಆಸುಪಾಸು. ಚಿಕ್ಕ ಗುಂಡಿನಲ್ಲಿ ಮಿಕ್ಕ ತೇಲುವ ಶಕ್ತಿ 0.4 ಗ್ರಾಂ, ದೊಡ್ಡದರಲ್ಲಿ 6.7 ಗ್ರಾಂ. ಈ ಮಿಕ್ಕದ್ದೇ ಮೀನಿನ ತಲೆನೋವು. ಬೆಂಡು ಮುಳುಗಬೇಕಾದರೆ ಮೀನು ಆ ಶಕ್ತಿಯ ವಿರುದ್ಧ ಎಳೆಯಬೇಕು. ಎಳೆದಾಗ ಬಾಯಿಗೆ ಅನುಮಾನ ಬರುತ್ತದೆ.

ಈಗ ಗುಂಡಿನ ಬದಲು 4 ಮಿಲಿಮೀಟರ್ ದಪ್ಪದ ಉದ್ದನೆಯ ಕಡ್ಡಿಯನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ. ಅದನ್ನು 1 ಸೆಂಟಿಮೀಟರ್ ಕೆಳಗಿಳಿಸಲು ಬೇಕಾದ ಬಲ 0.13 ಗ್ರಾಂನಷ್ಟು, ಅಂದರೆ ಆರೇಳು ಅಕ್ಕಿಕಾಳಿನ ತೂಕ. ಅರ್ಧ ಗ್ರಾಂ ಹೊತ್ತ 24 ಮಿಲಿಮೀಟರ್ ಗುಂಡನ್ನು ಅಷ್ಟೇ ಕೆಳಗಿಳಿಸಲು ಸುಮಾರು 4 ಗ್ರಾಂ ಬೇಕು, ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಹೆಚ್ಚು. ಮೂವತ್ತು ಪಟ್ಟು ವ್ಯತ್ಯಾಸ! ನಿಮ್ಮ ಕಣ್ಣಿಗೆ ಕಾಣುವ ಚಲನೆ ಅದೇ 1 ಸೆಂಟಿಮೀಟರ್. ಗುಂಡು ಅಲುಗಾಡಿತೆಂದು ನಮಗೆ ಕಾಣುವ ಹೊತ್ತಿಗೆ ಕಡ್ಡಿ ಎಷ್ಟೋ ಹೊತ್ತಿನ ಹಿಂದೆಯೇ ಹೇಳಿ ಮುಗಿಸಿರುತ್ತದೆ.

ಈ ಲೆಕ್ಕವನ್ನು ನಾನು ಲ್ಯಾಪ್‌ಟಾಪ್‌ನಲ್ಲಿ ಹಾಕುವುದಕ್ಕೆ ಮೊದಲೇ ಪೊವಾಯಿಯ ದಡದಲ್ಲಿ ಒಬ್ಬ ಹಿರಿಯರು ಒಂದು ವಾಕ್ಯದಲ್ಲಿ ಹೇಳಿದ್ದರು. ಕುಂದಾಪುರ ಕಡೆಯವರು, ನಲವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತು ನಿವೃತ್ತರಾದವರು. ನನ್ನ ಪಕ್ಕದಲ್ಲಿದ್ದ ಗೆಳೆಯನ ಕಿತ್ತಳೆ ಬಣ್ಣದ ಗುಂಡನ್ನು ನೋಡಿ, ‘ಎಂತ ಮಾರಾಯ್ರೆ, ಅದ್ ಬೆಂಡಾ ಬಲೂನಾ? ಮೀನಿಗೆ ಬರ್ತ್‌ಡೇಯಾ?’ ಎಂದರು. ಅವರ ಕೈಯಲ್ಲಿದ್ದುದು ನವಿಲುಗರಿಯ ದಂಟು. ಗರಿಯ ಎಳೆಗಳನ್ನೆಲ್ಲ ಬಿಡಿಸಿ, ಬಿಳಿ ದಂಟನ್ನು ಗೇಣುದ್ದ ಕತ್ತರಿಸಿ, ತುದಿಗೆ ಉಗುರುಬಣ್ಣ ಬಳಿದದ್ದು. ‘ಹೆಂಡ್ತಿದು, ಕೇಳ್ದೇ ತಂದದ್ದ್’ ಎಂದು ನಕ್ಕರು.

ನವಿಲುಗರಿಯ ದಂಟು ಫ್ಲೋಟ್ ಆಗಿ ಬ್ರಿಟನ್ನಿನಲ್ಲೂ ಹಳೆಯದೇ. ಒಳಗೆ ನಮ್ಮ ಜೋಳದ ದಂಟಿನ ಹಾಗೆಯೇ ಬೆಂಡು, ಹೊರಗೆ ಗಟ್ಟಿ ಸಿಪ್ಪೆ. ತಾನಾಗಿ ಉದುರಿದ ಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ, ಹೊರದೇಶಕ್ಕೆ ಒಯ್ಯುವಂತಿಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಇದನ್ನು ಓದುತ್ತಿರುವವರು ಊರಿಗೆ ಬಂದಾಗ ಸೂಟ್‌ಕೇಸಿಗೆ ತುರುಕಬೇಡಿ. ಮುಳ್ಳುಹಂದಿಯ ಮುಳ್ಳೂ ಒಂದು ಕಾಲದಲ್ಲಿ ಬೆಂಡಾಗಿತ್ತು. ಈಗ ವನ್ಯಜೀವಿ ಕಾಯ್ದೆ ಇರುವಾಗ ಅದರ ಗೊಡವೆ ಬೇಡ.

ದಂಟಿನ ಬೆಂಡನ್ನು ಕಟ್ಟುವುದರಲ್ಲೂ ವಿಷಯವಿದೆ. ಕೆಳತುದಿಗೆ ಮಾತ್ರ ದಾರ ಕಟ್ಟಬೇಕು, ಮೇಲ್ತುದಿ ಸ್ವತಂತ್ರವಾಗಿರಬೇಕು. ಆಗ ದಾರ ನೀರಿನೊಳಗೆ ಮುಳುಗಿರುತ್ತದೆ, ಮೇಲಿನ ಗಾಳಿ ಅದನ್ನು ಎಳೆದಾಡುವುದಿಲ್ಲ. ಜೂನ್‌ನಲ್ಲಿ ನೈಋತ್ಯದ ಗಾಳಿ ಬೀಸಿ ಪೊವಾಯಿಯ ಮೇಲೆ ತೆರೆ ಏಳುವಾಗ ಇದರ ಬೆಲೆ ಗೊತ್ತಾಗುತ್ತದೆ. ತುದಿ ಒಂದೂವರೆ ಸೆಂಟಿಮೀಟರ್ ಮಾತ್ರ ಮೇಲೆ ಕಾಣುವಷ್ಟು ಭಾರವನ್ನು ಬೆಂಡಿನ ಬುಡದ ಹತ್ತಿರವೇ ಕಚ್ಚಿಸಿ, ಒಂದೇ ಒಂದು ಚಿಕ್ಕ ಗುಂಡನ್ನು ಕೆಳಗೆ ಗಾಳದ ಹತ್ತಿರ ಇಡಬೇಕು. ಈ ಚಿಕ್ಕ ಗುಂಡೇ ಗುಪ್ತಚರ. ಮೃಗಾಲ್ ತಳದಲ್ಲಿ ಮೇಯುವ ಮೀನು. ಅದು ಎರೆಯನ್ನು ತಳದಿಂದ ಎತ್ತಿದಾಗ ಆ ಗುಂಡಿನ ಭಾರವೂ ಮೇಲೇಳುತ್ತದೆ, ಬೆಂಡು ಮುಳುಗುವ ಬದಲು ಮೇಲಕ್ಕೆ ಬರುತ್ತದೆ, ಕೆಲವೊಮ್ಮೆ ಅಡ್ಡ ಮಲಗುತ್ತದೆ. ಬೆಂಡು ಮುಳುಗುವುದನ್ನೇ ಕಾಯುವವರು ಆ ಹೊತ್ತಿನಲ್ಲಿ ‘ದಾರ ಸಿಕ್ಕಾಯಿತೇನೋ’ ಎಂದು ನೋಡುತ್ತ ಕೂತಿರುತ್ತಾರೆ. ರೋಹು ನಡುನೀರಿನದು, ಕಾಟ್ಲ ಮೇಲ್ನೀರಿನದು. ಕಾಟ್ಲದ ಬಾಯಿ ಮೇಲ್ಮುಖವಾಗಿರುವುದನ್ನು ಸಂತೆಯಲ್ಲೇ ನೋಡಿರುತ್ತೀರಿ. ಹೀಗೆ ಯಾವ ಮೀನು ಎಂಬುದರ ಮೇಲೆ ಬೆಂಡಿನಿಂದ ಗಾಳದವರೆಗಿನ ಉದ್ದ ಬದಲಾಗುತ್ತದೆ.

ಪುಟ್ಟ ತಿಲಾಪಿಯಗಳು ಕುಟುಕಿದಾಗ ಸೂಕ್ಷ್ಮ ಬೆಂಡು ಸುಮ್ಮನೆ ನಡುಗುತ್ತಲೇ ಇರುತ್ತದೆ. ಅಷ್ಟು ಸೂಕ್ಷ್ಮವಾದರೆ ಕಷ್ಟವಲ್ಲವೇ ಎಂದು ಕೇಳಬಹುದು. ನನ್ನ ವೃತ್ತಿಯವರಿಗೆ ಇದು ಪರಿಚಿತ ಕಷ್ಟ. ಸರ್ವರಿನ ಎಚ್ಚರಿಕೆಯ ಮಿತಿ ತೀರ ಕೆಳಗಿಟ್ಟರೆ ರಾತ್ರಿ 2 ಗಂಟೆಗೆ ಸುಳ್ಳುಸುಳ್ಳೇ ಫೋನು ಬಡಿದುಕೊಳ್ಳುತ್ತದೆ, ತೀರ ಮೇಲಿಟ್ಟರೆ ಬೆಳಿಗ್ಗೆ ಎದ್ದಾಗ ಸರ್ವರೇ ಇರುವುದಿಲ್ಲ. ಆದರೆ ಬೆಂಡಿನ ವಿಷಯದಲ್ಲಿ ನನ್ನ ಮತ ಒಂದೇ: ಸುಳ್ಳು ಸುದ್ದಿ ಬಂದರೂ ಪರವಾಗಿಲ್ಲ, ತಡವಾದ ಸುದ್ದಿ ಬೇಡ. ನಡುಕ ಬೇರೆ, ಪಕ್ಕಕ್ಕೆ ಸರಿಯುವುದು ಬೇರೆ. ನಾಲ್ಕು ಭಾನುವಾರ ನೋಡಿದರೆ ಕಣ್ಣು ತಾನೇ ಬೇರ್ಪಡಿಸಿಕೊಳ್ಳುತ್ತದೆ.

ತಡವಾದರೆ ಏನಾಗುತ್ತದೆ? ನಕಲಿ ಕೀಟವಾದರೆ ಮೀನು ಉಗುಳಿ ಹೋಗುತ್ತದೆ, ನಷ್ಟ ನಮ್ಮದು. ಹಿಟ್ಟು, ಬ್ರೆಡ್ಡು, ಎರೆಹುಳುವಾದರೆ ಮೀನು ಉಗುಳುವುದಿಲ್ಲ, ನುಂಗುತ್ತದೆ. ತುಟಿಯಲ್ಲಿ ಸಿಕ್ಕಬೇಕಾದ ಗಾಳ ಗಂಟಲಿಗೆ, ಕಿವಿರಿನ ಬುಡಕ್ಕೆ ಇಳಿದಿರುತ್ತದೆ. ತುಟಿಯ ಗಾಳ ಐದು ಸೆಕೆಂಡಿನಲ್ಲಿ ಬಿಡಿಸಬಹುದು. ಗಂಟಲಿನದನ್ನು ಕೀಳಲು ಹೋದರೆ ರಕ್ತ ಬರುತ್ತದೆ, ಅಂಥ ಮೀನನ್ನು ನೀರಿಗೆ ಬಿಟ್ಟು ಫೋಟೊ ಹಾಕಿ ‘ಬಿಟ್ಟುಬಿಟ್ಟೆ’ ಎನ್ನುವುದಕ್ಕೆ ಅರ್ಥವಿಲ್ಲ. ಆಳಕ್ಕೆ ಇಳಿದಿದ್ದರೆ ಕೀಳದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸುವುದೇ ಮೀನಿಗೆ ಕ್ಷೇಮ. ಪೊವಾಯಿಯಂಥ ನೀರಿನಲ್ಲಿ ಇದು ಇನ್ನೂ ಗಂಭೀರ. ಏಪ್ರಿಲ್, ಮೇ ತಿಂಗಳ ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಚರಂಡಿ ನೀರು ಸೇರಿ, ಅಂತರಗಂಗೆ ಹಬ್ಬಿ ಅದು ಮತ್ತಷ್ಟು ಇಳಿದಿರುತ್ತದೆ. ದಣಿದ, ಗಾಯವಾದ ಮೀನಿಗೆ ಅಲ್ಲಿ ಚೇತರಿಸಿಕೊಳ್ಳಲು ಉಸಿರೇ ಸಾಲದು. ಆದ್ದರಿಂದ ನಾನು ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿರುತ್ತೇನೆ, ಮೇ ತಿಂಗಳಲ್ಲಿ ಕೋಲು ಮುಟ್ಟುವುದಿಲ್ಲ.

ನಮ್ಮ ಕಾವೇರಿಯ ಮಹಶೀರ್ ಹಿಡಿಯುವವರು ಬೆಂಡೇ ಕಟ್ಟುತ್ತಿರಲಿಲ್ಲ ಎಂದು ಯಾರಾದರೂ ನೆನಪಿಸಬಹುದು. ನಿಜ. ಭೀಮೇಶ್ವರಿ, ಗಾಲಿಬೋರೆ ಕಡೆ ರಾಗಿ ಹಿಟ್ಟಿನ ಬೇಯಿಸಿದ ಉಂಡೆ ಕಟ್ಟಿ ಪ್ರವಾಹದಲ್ಲಿ ಬಿಟ್ಟು ದಾರವನ್ನೇ ಬೆರಳಲ್ಲಿ ಹಿಡಿದು ಕೂರುತ್ತಿದ್ದರು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಹಿಡಿದ 120 ಪೌಂಡ್ ಮೀನು ಇವತ್ತಿಗೂ ದಾಖಲೆಯಾಗಿ ಹೇಳಲ್ಪಡುತ್ತದೆ. ಅಂಥ ಮೀನು ಕಚ್ಚಿದ್ದನ್ನು ಹೇಳಲು ಬೆಂಡು ಬೇಕಿಲ್ಲ, ಕೋಲು ಕೈಯಲ್ಲಿ ಉಳಿದರೆ ಸಾಕು. ಅಂದಹಾಗೆ ಈ ದೇಶದ ಗಾಳದ ಸಾಹಿತ್ಯಕ್ಕೂ ನಮಗೂ ಹಳೆಯ ನಂಟಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. ಆಮೇಲೆ ಅವರು ಕೆರೆಯಲ್ಲಿ ಗಾಳ ಹಾಕುವ ಬಗ್ಗೆಯೇ ಬೇರೊಂದು ಪುಸ್ತಕ ಬರೆದರು.

ಹಾಗಾದರೆ ಗುಂಡು ಬೇಡವೇ ಬೇಡವೇ? ಹಾಗೇನಿಲ್ಲ. ತೀರ್ಥನ್‌ನಂಥ ಹರಿಯುವ ನದಿಯಲ್ಲಿ ದಂಟು ನಿಲ್ಲುವುದಿಲ್ಲ, ಸೆಳವಿಗೆ ಅಡ್ಡ ಬೀಳುತ್ತದೆ. ಆಳವಾದ, ರಭಸದ ಜಾಗದಲ್ಲಿ ಭಾರದ ನಿಂಫ್ ಇಳಿಸಬೇಕಾದರೆ ಗುಂಡೇ ಗತಿ. ಆದರೆ ಆ ದಿನದ ಭಾರವನ್ನು ಹೊರುವ ಅತಿ ಚಿಕ್ಕ ಗುಂಡು. ಬೆಳಿಗ್ಗೆ ಕಟ್ಟಿದ್ದನ್ನೇ ಸಂಜೆಯವರೆಗೂ ಇಟ್ಟುಕೊಳ್ಳುವವರು ಹೆಚ್ಚು. ನಿಂಫ್ ಬದಲಿಸಿದಾಗಲೆಲ್ಲ ಬೆಂಡನ್ನೂ ಬದಲಿಸಬೇಕು, ಅರ್ಧ ನಿಮಿಷದ ಕೆಲಸ. ನದಿಯಲ್ಲಿ ನಿಂಫ್‌ವರೆಗಿನ ದಾರ ನೀರಿನ ಆಳದ ಒಂದೂವರೆ ಪಟ್ಟು ಇರಲಿ, ದಾರ ಓರೆಯಾಗಿ ಹೋಗುವುದರಿಂದ. ನಿಂತ ನೀರಿನಲ್ಲಿ ಆಳದಷ್ಟೇ ಸಾಕು. ಇನ್ನೊಂದು ಪರೀಕ್ಷೆ ಇದೆ: ಬೆಂಡಿನ ಪಕ್ಕದ ನೊರೆಗುಳ್ಳೆಗಳನ್ನು ನೋಡಿ. ತಳದ ನೀರು ಮೇಲಿನ ನೀರಿಗಿಂತ ನಿಧಾನ. ಬೆಂಡು ಗುಳ್ಳೆಗಳಿಗಿಂತ ತುಸು ಹಿಂದೆ ಬೀಳುತ್ತಿದ್ದರೆ ನಿಂಫ್ ತಳದಲ್ಲಿದೆ ಎಂದರ್ಥ. ಗುಳ್ಳೆಗಳನ್ನು ಹಿಂದಿಕ್ಕಿ ಓಡುತ್ತಿದ್ದರೆ ದಾರ ಅದನ್ನು ಎಳೆಯುತ್ತಿದೆ. ಯಾವ ಕೀಟವೂ ಹಾಗೆ ಓಡುವುದಿಲ್ಲ, ಮೀನಿಗೆ ಅದು ಗೊತ್ತು.

ತಿಳಿ ನೀರು, ಮೊಣಕಾಲು ಆಳ, ಮೀನು ಕಣ್ಣಿಗೆ ಕಾಣುತ್ತಿದೆ ಎಂದರೆ ಪ್ಲಾಸ್ಟಿಕ್ ಗುಂಡು ‘ಟಪ್’ ಎಂದು ಬಿದ್ದ ಸದ್ದಿಗೇ ಎಲ್ಲ ಖಾಲಿ. ಅಲ್ಲಿ ಉಣ್ಣೆ. ನ್ಯೂಜಿಲೆಂಡಿನವರು ಕುರಿ ಉಣ್ಣೆಯ ಎಳೆಗಳನ್ನು ಸಣ್ಣ ಪ್ಲಾಸ್ಟಿಕ್ ಕೊಳವೆಯಿಂದ ದಾರಕ್ಕೆ ಸಿಕ್ಕಿಸುವ ಒಂದು ಉಪಾಯ ಮಾಡಿದ್ದಾರೆ. ಹತ್ತಿಯಂತೆ ಇಳಿಯುತ್ತದೆ, ಬೇಕಾದಷ್ಟು ಕತ್ತರಿಸಿಕೊಳ್ಳಬಹುದು. ಆ ಪೊಟ್ಟಣ ಆನ್‌ಲೈನ್‌ನಲ್ಲಿ ದುಬಾರಿ. ನಾನು ಊರಿನ ಕುರಿಗಾರರಿಂದ ಕರಿ ಉಣ್ಣೆ ತಂದಿಟ್ಟುಕೊಂಡಿದ್ದೇನೆ. ಕಂಬಳಿಗೆ ಬಳಸುವ ನಮ್ಮ ಉಣ್ಣೆ ಒರಟು, ವ್ಯಾಸಲೀನ್ ಸವರಿದರೆ ಚೆನ್ನಾಗಿ ತೇಲುತ್ತದೆ. ಸಂಜೆ ಬಿಸಿಲು ಎದುರಿನಿಂದ ಬಿದ್ದು ನೀರೆಲ್ಲ ಬೆಳ್ಳಿಯಂತೆ ಹೊಳೆಯುವಾಗ ಕಿತ್ತಳೆ, ಹಳದಿ ಯಾವುದೂ ಕಾಣುವುದಿಲ್ಲ, ಕರಿದೇ ಕಾಣುವುದು. ಉಳಿದ ಹೊತ್ತಿನಲ್ಲಿ ಬಿಳಿ ಒಳ್ಳೆಯದು. ಕೆಳಗಿನಿಂದ ನೋಡುವ ಮೀನಿಗೆ ಅದು ಇನ್ನೊಂದು ನೊರೆಗುಳ್ಳೆ. ಅಂಗಡಿಯ ಗಾಢ ಬಣ್ಣಗಳು ಮೀನಿಗಿಂತ ಗಿರಾಕಿಯನ್ನು ಹಿಡಿಯಲು ಎಂದು ನನಗೆ ಬಲವಾದ ಅನುಮಾನ.

ಅಂಟಿಸುವ ಫೋಮ್ ಚುಕ್ಕಿಗಳನ್ನು ಮಾತ್ರ ನಾನು ಕೊಳ್ಳುವುದಿಲ್ಲ. ಒಮ್ಮೆ ತೆಗೆದರೆ ಮತ್ತೆ ಅಂಟುವುದಿಲ್ಲ, ನೇರ ನೀರಿಗೆ. ಥರ್ಮಾಕೋಲ್ ಇನ್ನೂ ಕೆಟ್ಟದ್ದು. ಮಹಾರಾಷ್ಟ್ರ 2018ರಲ್ಲಿ ಥರ್ಮಾಕೋಲ್ ತಟ್ಟೆ-ಲೋಟಗಳನ್ನು ನಿಷೇಧಿಸಿದೆ, ಆದರೂ ಪ್ಯಾಕಿಂಗ್ ಡಬ್ಬಿಯಿಂದ ಮುರಿದ ತುಂಡೇ ದಡದ ಹುಡುಗರ ಬೆಂಡು. ಪುಡಿಯಾದ ಕಾಳನ್ನು ಮೀನು ತಿನಿಸೆಂದು ನುಂಗುತ್ತದೆ. ಸೀಸದ ಗುಂಡುಗಳದ್ದೂ ಇದೇ ಕಥೆ. ಹಂಸಗಳು ಅವನ್ನು ನುಂಗಿ ಸಾಯುತ್ತಿದ್ದವೆಂದು ಬ್ರಿಟನ್ 1987ರಲ್ಲೇ ಗಾಳದ ಸಣ್ಣ ಸೀಸದ ಭಾರಗಳ ಮಾರಾಟ ನಿಲ್ಲಿಸಿತು. ನಮ್ಮಲ್ಲಿ ಅವು ಈಗಲೂ ಡಬ್ಬಿಗಟ್ಟಲೆ ಸಿಗುತ್ತವೆ. ತವರದವು ಸ್ವಲ್ಪ ದುಬಾರಿ, ಸ್ವಲ್ಪ ಹಗುರ, ತರಿಸಿಕೊಳ್ಳಬೇಕು. ಪೊವಾಯಿಯ ದಡದಲ್ಲಿ ಸೈಕಲ್ ಟ್ರ್ಯಾಕ್ ಕಾಮಗಾರಿ ಅಕ್ರಮವೆಂದು ಬಾಂಬೆ ಹೈಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದಾಗ ಗಾಳದವರೆಲ್ಲ ಖುಷಿಪಟ್ಟೆವು. ಅದೇ ದಡದ ಕಲ್ಲುಸಂದಿಯಲ್ಲಿ ನಾವೇ ಬಿಟ್ಟುಹೋದ ದಾರ, ಬೆಂಡು, ಸೀಸ ಎಷ್ಟಿವೆ ಎಂದು ಯಾರೂ ಎಣಿಸಿಲ್ಲ. ಹೋದಾಗಲೆಲ್ಲ ಒಂದು ಖಾಲಿ ಬಾಟಲಿಯಲ್ಲಿ ಸಿಕ್ಕಷ್ಟು ತುಂಬಿಕೊಂಡು ಬರುತ್ತೇನೆ. ಒಂದೇ ಬೆಳಿಗ್ಗೆ ಅರ್ಧ ಬಾಟಲಿಯಾದ ದಿನಗಳಿವೆ.

ಈಗ ನನ್ನ ಡಬ್ಬಿಯಲ್ಲಿರುವುದು ಇಷ್ಟು: ನವಿಲುದಂಟು ಆರು, 12 ಮಿಲಿಮೀಟರ್ ಗುಂಡು ಎರಡು, 16ರದ್ದು ಒಂದು, ಕರಿ ಬಿಳಿ ಉಣ್ಣೆ ಒಂದೊಂದು ಹಿಡಿ. ಮಳೆ ಹಿಡಿದು ಕೆರೆ ಕೋಡಿ ಬಿದ್ದಿತೆಂದು ಪಾಲಿಕೆಯ ಪ್ರಕಟಣೆ ಬಂದ ಮೇಲೆ ನೀರು ಕೆಂಪಗಾಗಿ ಎರಡು ಮೂರು ವಾರ ಬಿಳಿ ತುದಿ ಕಾಣುವುದಿಲ್ಲ. ಆಗ ದಂಟಿನ ತುದಿಗೆ ಕೆಂಪು ಬಳಿಯಬೇಕಾಗುತ್ತದೆ. ಉಗುರುಬಣ್ಣಕ್ಕೆ ಮನೆಯಲ್ಲಿ ಅನುಮತಿ ಕೇಳಿದ್ದೇನೆ, ‘ಹಳೆಯ ಬಾಟಲಿ ಮಾತ್ರ’ ಎಂಬ ಷರತ್ತಿನ ಮೇಲೆ ಸಿಕ್ಕಿದೆ.